ರೇಡಿಯೊ ಅತ್ತಿಗೆ ಬಾಯಿ ಮುಚ್ಚಿದ್ದು

ನಮ್ಮ ಅತ್ತಿಗೆಗೆ ಲ್ಯಾಬಿನವರು ಇಟ್ಟ ಹೆಸರು ರೇಡಿಯೊ. ನನ್ನ ಕೇಳಿದರೆ ಅದು ರೇಡಿಯೊಗೆ ಮಾಡಿದ ಅವಮಾನ. ರೇಡಿಯೊವನ್ನು ಆರಿಸಬಹುದು.

ನಮ್ಮದು ಕಟ್ಟುಹಲ್ಲು ಮಾಡುವ ಲ್ಯಾಬ್. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಹಲ್ಲಿನ ಸೆಟ್ ಮಾಡಿ ಕೊಡುತ್ತೇವೆ. ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು ನನ್ನ ಕೆಲಸ. ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು ಅತ್ತಿಗೆಯದು. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವವನು ನನ್ನ ಚಿಕ್ಕಣ್ಣ, ಅಂದರೆ ಅತ್ತಿಗೆಯ ಮೈದುನ. ದೊಡ್ಡಣ್ಣ ಬೆನ್ನು ನೋವಿನಿಂದ ಕೆಲಸ ಬಿಟ್ಟ ಮೇಲೆ ಮನೆ ನಡೆಯುತ್ತಿದ್ದದ್ದು ನಮ್ಮ ಮೂವರ ಸಂಬಳದಿಂದ. ಮೂವರ ಜುಟ್ಟೂ ಒಬ್ಬನೇ ಮಾಲೀಕನ ಕೈಯಲ್ಲಿ.

ಓದು ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದ ಚಿಕ್ಕಣ್ಣನನ್ನು ಲ್ಯಾಬಿಗೆ ಸೇರಿಸಿದ್ದು ಅತ್ತಿಗೆ. ಕೈ ಹಿಡಿದು ಕೆಲಸ ಕಲಿಸಿದ್ದೂ ಅವರೇ. ಮೊದಲ ಸಂಬಳ ತಂದ ದಿನವೇ ಅವನದು ಅವರದಕ್ಕಿಂತ ಹೆಚ್ಚೆಂದು ಮನೆಗೆಲ್ಲ ಗೊತ್ತಾಯಿತು. "ಗಂಡು ಹುಡುಗ, ನಾಳೆ ಸಂಸಾರ ಅಂತ ಆಗಬೇಕು, ಇರಲಿ ಬಿಡಿ" ಅಂದರು ಅತ್ತಿಗೆ. ನನಗೆ ಮೈಯೆಲ್ಲ ಉರಿಯಿತು. ಇವರೇನು ಇಬ್ಬರು ಮಕ್ಕಳನ್ನು ಗಾಳಿ ತಿನ್ನಿಸಿ ಸಾಕುತ್ತಿದ್ದರೇ?

ಹೀಗಿರುವಾಗ ನಮ್ಮ ನಗರಸಭೆಗೆ ಜ್ಞಾನೋದಯವಾಯಿತು. ಒಂದೇ ಕೆಲಸ ಮಾಡುವ ಹೆಣ್ಣಿಗೂ ಗಂಡಿಗೂ ಒಂದೇ ಸಂಬಳ ಕೊಡಬೇಕು, ಸರಿ ಮಾಡುವ ನೆಪದಲ್ಲಿ ಯಾರ ಸಂಬಳವನ್ನೂ ಇಳಿಸಬಾರದು ಎಂದು ನಿಯಮ ಮಾಡಿದರು. ಆದರೆ ಬಾಯಿ ಬಿಟ್ಟು ಕೇಳುವವರು ಬೇಕಲ್ಲ. ಅದಕ್ಕೆಂದೇ ಗ್ರಂಥಾಲಯದ ಮಹಡಿಯಲ್ಲಿ ಸಂಜೆ ತರಗತಿ ಶುರುವಾಯಿತು. ಅತ್ತಿಗೆಯನ್ನು ನಾನೇ ಎಳೆದುಕೊಂಡು ಹೋದೆ.

"ನಿಮಗೆ ಎಷ್ಟು ಬೇಕು ಅಂತ ಹೇಳಿ. ಹೇಳಿದ ಮೇಲೆ ಬಾಯಿ ಮುಚ್ಚಿ," ಅಂದರು ಅಲ್ಲಿನ ಟೀಚರಮ್ಮ. "ಎದುರಿಗಿರುವವರು ಒಪ್ಪೋವರೆಗೆ ತೆರೀಬೇಡಿ. ಸುಮ್ಮನಿರೋಕಾಗದೆ ನಾವೇ 'ಪರವಾಗಿಲ್ಲ, ಆದಷ್ಟು ಕೊಡಿ' ಅಂದುಬಿಡ್ತೀವಿ. ಅಲ್ಲೇ ಕೆಡೋದು."

ಹೋಗಿ ಹೋಗಿ ನಮ್ಮ ಅತ್ತಿಗೆಗೆ ಈ ಮದ್ದೇ?

ಮನೆಯಲ್ಲಿ ಅಭ್ಯಾಸ ಶುರುವಾಯಿತು. ದೊಡ್ಡಣ್ಣನ ಕನ್ನಡಕ ಹಾಕಿಕೊಂಡು ಚಿಕ್ಕಣ್ಣ ಮಾಲೀಕನಾದ. ಅತ್ತಿಗೆ ಕೇಳುವರು, ತುಟಿ ಬಿಗಿಯುವರು. ಅವನು ವ್ಯಾಪಾರವಿಲ್ಲ ಅಂದರೂ ತಡೆದುಕೊಳ್ಳುವರು, ಬಾಗಿಲು ತೆರೆದಿದೆ ಹೋಗು ಅಂದರೂ ತಡೆದುಕೊಳ್ಳುವರು. ಕೊನೆಗೆ ಅವನು, "ಹಾಗಾದ್ರೆ ನಿನ್ನ ಮೈದುನನ ಸಂಬಳ ಇಳಿಸ್ತೀನಿ" ಅನ್ನುವನು. ಅಲ್ಲಿಗೆ ಮುಗಿಯಿತು. "ಅಯ್ಯೋ, ಬೇಡಪ್ಪ, ನನಗೇನೂ ಬೇಡ" ಎಂದು ಅತ್ತಿಗೆ ಎದ್ದೇಬಿಡುವರು. ಪ್ರತಿ ಸಲವೂ ಹೀಗೇ. ಇಳಿಸುವ ಹಾಗಿಲ್ಲ ಎಂಬ ನಿಯಮ ಬಾಯಿಪಾಠವಿದ್ದರೂ ಕರುಳು ಕೇಳಬೇಕಲ್ಲ.

"ಅತ್ತಿಗೆ, ನೀವು ಉದ್ಧಾರ ಆಗಲ್ಲ ಬಿಡಿ" ಎಂದು ಚಿಕ್ಕಣ್ಣ ನಗುತ್ತಿದ್ದ.

ಕೊನೆಗೊಂದು ಮಧ್ಯಾಹ್ನ ಅತ್ತಿಗೆ ಏಪ್ರನ್ ಬಿಚ್ಚಿಟ್ಟು ಮಾಲೀಕನ ಕೋಣೆಗೆ ಹೋದರು. ಅದಕ್ಕೂ ನನ್ನ ಮೇಜಿಗೂ ನಡುವೆ ಇದ್ದದ್ದು ಒಂದು ಗಾಜಿನ ಗೋಡೆ, ಅದೂ ಮೇಲಿನವರೆಗೆ ಇರಲಿಲ್ಲ. ನಾನು ಆಗಷ್ಟೇ ರಬ್ಬರ್ ಬಟ್ಟಲಲ್ಲಿ ಪ್ಲಾಸ್ಟರ್ ಕಲಸಿದ್ದೆ.

"ನನ್ನ ಮೈದುನನಿಗೆ ಎಷ್ಟು ಕೊಡ್ತೀರೋ ನನಗೂ ಅಷ್ಟೇ ಕೊಡಿ ಸರ್. ಇಬ್ಬರದ್ದೂ ಒಂದೇ ಕೆಲಸ," ಅಂದರು ಅತ್ತಿಗೆ. ಅಷ್ಟೇ ಅಂದು ನಿಲ್ಲಿಸಿದರು.

ಮಾಲೀಕ ಇನ್ನೂ ಏನೋ ಬರುತ್ತದೆ ಎಂದು ಕಾದ. ರೇಡಿಯೊ ಅಲ್ಲವೇ. ಏನೂ ಬರಲಿಲ್ಲ.

"ನೋಡಮ್ಮಾ, ನೀನು ಮನೆ ಮಗಳಿದ್ದ ಹಾಗೆ," ಅಂದ. ಅತ್ತಿಗೆ ಮೇಜಿನ ಮೇಲಿದ್ದ ಹಲ್ಲಿನ ಸೆಟ್ಟನ್ನೇ ನೋಡುತ್ತಿದ್ದರು. "ಕರೆಂಟ್ ಬಿಲ್ ಎಷ್ಟು ಬರುತ್ತೆ ಗೊತ್ತಾ?" ಮಾತಿಲ್ಲ. "ಇಷ್ಟ ಇಲ್ಲದಿದ್ರೆ ಬೇರೆ ಕಡೆ ನೋಡ್ಕೊಬಹುದು." ಅತ್ತಿಗೆಯ ಕತ್ತಿನ ನರ ಉಬ್ಬಿದ್ದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಈಗ ಬಾಯಿ ಬಿಡುತ್ತಾರೆ, ಈಗ ಬಿಡುತ್ತಾರೆ ಎಂದು ನಾನು ಉಸಿರು ಹಿಡಿದು ನಿಂತಿದ್ದೆ.

ಮಾಲೀಕ ಎದ್ದು ಬಾಗಿಲಿಗೆ ಬಂದು ಚಿಕ್ಕಣ್ಣನನ್ನು ಕರೆದ.

"ನಿಮ್ಮ ಅತ್ತಿಗೆಗೆ ನಿನ್ನಷ್ಟೇ ಸಂಬಳ ಬೇಕಂತೆ ಕಣಯ್ಯ. ಆಯ್ತು, ಸಮ ಮಾಡೋಣ. ನಿನ್ನದನ್ನ ಇಳಿಸ್ತೀನಿ. ಏನಮ್ಮಾ, ಇಳಿಸ್ಲಾ?"

ಹಾಳಾದವನು ನಮ್ಮ ಮನೆಯ ಗೋಡೆಗೆ ಕಿವಿ ಇಟ್ಟಿದ್ದನೋ ಏನೋ! ಚಿಕ್ಕಣ್ಣ ಅತ್ತಿಗೆಯ ಕಡೆ ತಿರುಗಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಅತ್ತಿಗೆ ಹಲ್ಲಿನ ಸೆಟ್ಟಿನಿಂದ ಕಣ್ಣು ಕೀಳಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದರು. ಮೂವರಲ್ಲಿ ಯಾರೂ ಮಾತಾಡಲಿಲ್ಲ. ಹೊರಗೆ ಒಂದು ಲಾರಿ ಹಿಂದಕ್ಕೆ ಬರುವ ಸದ್ದು ಕೇಳಿ, ಅದೂ ನಿಂತಿತು.

"ಇಳಿಸೋಕೂ ಬಿಡಲ್ಲ ಆ ನಗರಸಭೆಯವರು," ಎಂದು ಮಾಲೀಕ ಕೊನೆಗೆ ಗೊಣಗಿದ. "ಬರೋ ತಿಂಗಳಿಂದ ನಿನಗೂ ಅಷ್ಟೇ. ಹೋಗಿ, ಕೆಲಸ ನೋಡಿ ಇಬ್ಬರೂ."

ನಾನು ಬಟ್ಟಲಿಗೆ ಕೈ ಹಾಕಿದೆ. ಪ್ಲಾಸ್ಟರ್ ಕಲ್ಲಾಗಿತ್ತು, ಕಲಸುವ ಕಡ್ಡಿ ಅದರಲ್ಲೇ ನೆಟ್ಟುಕೊಂಡಿತ್ತು.

ಸಂಜೆ ಮೂವರೂ ನಡೆದು ಹೊರಟೆವು. ಚಿಕ್ಕಣ್ಣನ ಕಾಲು ನೆಲದ ಮೇಲಿರಲಿಲ್ಲ. "ನೋಡಿದ್ರಾ ಅತ್ತಿಗೆ, ನಾನೂ ಹೇಗೆ ತುಟಿ ಬಿಚ್ಚಲಿಲ್ಲ. ಇಬ್ಬರೂ ಸೇರಿ ಅವನಿಗೆ ಮಣ್ಣು ಮುಕ್ಕಿಸಿದ್ವಿ."

ಅತ್ತಿಗೆ ನಗಲಿಲ್ಲ. ರಸ್ತೆ ದಾಟುವ ಜಾಗದಲ್ಲಿ ಕೆಂಪು ದೀಪಕ್ಕೆ ನಿಂತಾಗ ಕೇಳಿದರು: "ಅವನು ಇಳಿಸ್ಲಾ ಅಂದಾಗ ನೀನು ನನ್ನ ಕಡೆ ನೋಡಿದೆಯಲ್ಲ. ಯಾಕೋ?"

"ಸುಮ್ನೆ ನೋಡಿದೆ."

ಅತ್ತಿಗೆ ಮತ್ತೆ ಕೇಳಲಿಲ್ಲ. ಅವನ ಮುಖ ನೋಡುತ್ತಾ ನಿಂತರು. ದೀಪ ಹಸಿರಾಯಿತು, ಜನ ದಾಟಿದರು, ನಾವು ದಾಟಲಿಲ್ಲ. ಮಧ್ಯಾಹ್ನ ಮಾಲೀಕ ಹೇಗೆ ಒದ್ದಾಡಿದನೋ ಈಗ ನನ್ನ ಅಣ್ಣ ಹಾಗೇ ಒದ್ದಾಡುತ್ತಿದ್ದ.

"ನನಗೇನೂ ಬೇಡ ಅಂತ ನೀವು ಹೇಳ್ಲಿ ಅಂತ ನೋಡಿದೆ," ಅಂದ. "ಮನೇಲಿ ಹೇಳ್ತಿದ್ರಲ್ಲ, ಹಾಗೆ. ತುಂಬಾ ಹೆದರಿಕೆ ಆಗಿತ್ತು ಅತ್ತಿಗೆ."

"ಗೊತ್ತಿತ್ತು ಕಣೋ. ಅದಕ್ಕೇ ನಿನ್ನ ಕಡೆ ತಿರುಗಲಿಲ್ಲ."

ಮುಂದಿನ ಹಸಿರು ದೀಪಕ್ಕೆ ದಾಟಿದೆವು. ಮನೆ ಮುಟ್ಟುವವರೆಗೂ ಅತ್ತಿಗೆ ನಮ್ಮಿಬ್ಬರ ನಡುವೆ ನಡೆದರು, ಒಂದು ಮಾತೂ ಆಡಲಿಲ್ಲ. ಈ ರೇಡಿಯೊ ಒಂದು ಗಳಿಗೆ ನಿಲ್ಲಬಾರದೇ ಎಂದು ಎಷ್ಟೋ ಸಲ ಬಯಸಿದವಳು ನಾನು. ಅವತ್ತು ಅದು ನಿಂತಾಗ ನನ್ನಿಂದ ತಡೆಯಲಾಗಲಿಲ್ಲ, ಬೀದಿಯಲ್ಲೇ ಅತ್ತುಬಿಟ್ಟೆ.