ಒತ್ತೆಯಾಳುಗಳಿಗೆ ಡೈರಿಗೆ ಹೊತ್ತಾಯಿತು

ಬ್ಯಾಂಕ್ ಮ್ಯಾನೇಜರಾಗಿ ನಾನು ಕೆಲಸ ಮಾಡಿದ್ದು ಒಂದೇ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ. ಬ್ಯಾಂಕು ಇದ್ದದ್ದು ನಮ್ಮೂರಿನ ಹಳೇ ರೇಷ್ಮೆ ಹುಳು ಮನೆಯಲ್ಲಿ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಸುಮ್ಮನೆ ಬಂದದ್ದಲ್ಲ ಅದು. ಹುತ್ತೂರು ಹೋಬಳಿಯ ನಮ್ಮ ಹಳ್ಳಿಯಿಂದ ಕೋಲಾರದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದಿದ್ದೇನೆ. ಬೆಳಿಗ್ಗೆ ಕೊಟ್ಟಿಗೆ ಸಗಣಿ ಬಾಚಿ, ಹಿಪ್ಪುನೇರಳೆ ಸೊಪ್ಪು ಕಿತ್ತು, ಎರಡು ಸಲ ಸೋಪು ಹಾಕಿ ಕೈ ತೊಳೆದರೂ ಕ್ಲಾಸಿನಲ್ಲಿ ಪಕ್ಕ ಕೂತ ಹುಡುಗಿಗೆ ನಮ್ಮ ಮನೆಯಲ್ಲಿ ಎಷ್ಟು ಹಸು ಇವೆ ಎಂದು ಗೊತ್ತಾಗುತ್ತಿತ್ತು. ಹಾಗೆ ಬಿ.ಕಾಂ. ಮುಗಿಸಿದೆ. ಆಮೇಲೆ ಬ್ಯಾಂಕ್ ಪರೀಕ್ಷೆ ಆರು ಸಲ ಬರೆದೆ. ಆರು ಸಲವೂ ಬ್ಯಾಂಕಿನವರು ನನ್ನ ಸಹಾಯವಿಲ್ಲದೆಯೇ ನಡೆಸಿಕೊಂಡು ಹೋಗುವುದಾಗಿ ತೀರ್ಮಾನಿಸಿದರು. ಈಗ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ನನಗೆ ಅದರಲ್ಲಿ ಬೇಸರವಿಲ್ಲ.

ಬೇಸರ ಇದ್ದದ್ದು ಅಪ್ಪನಿಗೆ. ಬ್ಯಾಂಕಿಗೆ ಹೋದಾಗಲೆಲ್ಲ ಗಾಜಿನ ಕೋಣೆಯೊಳಗೆ ಕೂತ ಮ್ಯಾನೇಜರನ್ನು ಹೊರಗಿನಿಂದಲೇ ನೋಡಿಕೊಂಡು ಬರುತ್ತಿದ್ದ. ಮನೆಗೆ ಬಂದು, "ಆ ಕುರ್ಚಿ ಗಿರ್ರಂತ ತಿರುಗ್ತೈತೆ ಕಣಮ್ಮಾ. ಒಂದು ಸಲ ನೀನು ಅದರಾಗೆ ಕೂತಿದ್ದು ನೋಡ್ಬೇಕು," ಅನ್ನುತ್ತಿದ್ದ. ಆರನೆಯ ಸಲ ನಪಾಸಾದ ಮೇಲೆ ಆ ಮಾತು ನಿಲ್ಲಿಸಿದ. ನಿಲ್ಲಿಸಿದ್ದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಹೀಗಿರುವಾಗ ಒಂದು ಟೀವಿ ಕ್ರೈಂ ಧಾರಾವಾಹಿಯವರು ನಮ್ಮೂರಿಗೆ ಬಂದಿಳಿದರು. ಹಳ್ಳಿ ಬ್ಯಾಂಕಿಗೆ ಮುಸುಕು ಹಾಕಿದ ಕಳ್ಳರು ನುಗ್ಗಿ, ಒಳಗಿದ್ದವರನ್ನೆಲ್ಲ ಒತ್ತೆಯಾಳು ಮಾಡಿಕೊಂಡು ಕೂರುವ ಕಂತು ಅದು. ಯಾವ ಬ್ಯಾಂಕಿನವರೂ ತಮ್ಮಲ್ಲಿ ಶೂಟಿಂಗ್ ಮಾಡಲು ಬಿಡಲಿಲ್ಲವಂತೆ. ಹುಳು ಸಾಕಾಣಿಕೆ ನಿಂತು ಖಾಲಿ ಬಿದ್ದಿದ್ದ ಆ ಉದ್ದನೆಯ ಮನೆ ಅವರ ಕಣ್ಣಿಗೆ ಬಿತ್ತು. ಎರಡೇ ದಿನದಲ್ಲಿ ಕೌಂಟರು, ಗಾಜಿನ ಕೋಣೆ, ತಿರುಗುವ ಕುರ್ಚಿ ಎಲ್ಲ ಬಂದು ನಿಂತವು. ವಾಸನೆ ಮಾತ್ರ ಹಿಪ್ಪುನೇರಳೆಯದ್ದೇ.

ಬೋರ್ಡುಗಳಿಗೆ ಕನ್ನಡ ಬರೆದುಕೊಡಲು ನನ್ನನ್ನು ಕರೆದರು. 'ಟೋಕನ್ ಪಡೆದು ಕುಳಿತುಕೊಳ್ಳಿ', 'ಇಲ್ಲಿ ಉಗುಳಬಾರದು' ಎಂದೆಲ್ಲ ದುಂಡಗೆ ಬರೆದೆ. ಬೋರ್ಡು ಏರಿದ ಅರ್ಧ ಗಂಟೆಗೆ ಪಕ್ಕದ ಮನೆಯ ಅಜ್ಜಿ ಆಧಾರ್ ಕಾರ್ಡಿನ ಜೆರಾಕ್ಸು, ಎರಡು ಫೋಟೋ ಹಿಡಿದುಕೊಂಡು ಬಂದು ಕೂತಳು.

"ಇದು ಸುಳ್ಳು ಬ್ಯಾಂಕು ಕಣಜ್ಜೀ," ಅಂದೆ.

"ಇರ್ಲಿ ಬಿಡಮ್ಮಾ, ಹತ್ತಿರ ಐತಲ್ಲ," ಅಂದಳು.

ಮ್ಯಾನೇಜರ್ ಮೇಜಿಗೆ ದಪ್ಪ ಪುಸ್ತಕಗಳು ಬೇಕಿದ್ದವು. ಬೆಂಗಳೂರಿನಿಂದ ತರುವುದನ್ನು ಅವರು ಮರೆತಿದ್ದರು. ನಾನು ಮನೆಗೆ ಹೋಗಿ ಟ್ರಂಕಿನಿಂದ ನನ್ನ ಬಿ.ಕಾಂ. ನೋಟ್ಸ್ ತಂದುಕೊಟ್ಟೆ. ವರ್ಷಕ್ಕೊಂದರಂತೆ ಹೊಲಿಸಿ ರಟ್ಟು ಹಾಕಿಸಿದ ಮೂರು ಕಟ್ಟುಗಳು. ಅಮ್ಮನಿಗೆ ಒಂದಕ್ಷರವೂ ಓದಲು ಬರುವುದಿಲ್ಲ. ಆದರೂ ಪ್ರತಿ ಆಯುಧಪೂಜೆಗೆ ಕುಡುಗೋಲು, ಹಾಲಿನ ಕ್ಯಾನು, ನನ್ನ ನೋಟ್ಸ್, ಮೂರನ್ನೂ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಾಳೆ. ಅವು ಬ್ಯಾಂಕಿನ ಮೇಜಿಗೆ ಹೋಗುತ್ತವೆ ಎಂದಾಗ, "ನೋಡ್ದಾ, ಕೊನೆಗೂ ಬ್ಯಾಂಕಿಗೇ ಹೋದ್ವು," ಎಂದು ಖುಷಿಪಟ್ಟಳು.

ನನ್ನ ಅದೃಷ್ಟ ಅಲ್ಲಿಗೇ ನಿಲ್ಲಲಿಲ್ಲ. ಮ್ಯಾನೇಜರ್ ಪಾತ್ರ ಮಾಡಬೇಕಿದ್ದವರು ಜ್ವರ ಎಂದು ಬರಲೇ ಇಲ್ಲ. ನಿರ್ದೇಶಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ನಿಮಗೆ ಟೀಚರ್ ಕಳೆ ಇದೆ. ಒಂದೇ ಒಂದು ಮಾತು. ಹೇಳ್ತೀರಾ?" ಅಂದರು. ಕಳ್ಳ ಬಂದೂಕು ಹಿಡಿದು ಲಾಕರಿನ ಬೀಗದ ಕೈ ಕೇಳಬೇಕು. ನಾನು ತಿರುಗುವ ಕುರ್ಚಿಯಿಂದ ಏಳದೆ, "ನನ್ನ ಪ್ರಾಣ ಹೋದರೂ ಬೀಗದ ಕೈ ಕೊಡುವುದಿಲ್ಲ," ಎನ್ನಬೇಕು. ಅಷ್ಟೇ.

"ಆದ್ರೆ ನಿಮ್ಮದು ಕೊನೇ ಶಾಟ್. ಏಳು ಗಂಟೆಗೆ ಜನರೇಟರ್ ಗಾಡಿ ಬೇರೆ ಕಡೆ ಹೋಗಬೇಕು. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಮ್ಯಾನೇಜರ್ ರಜೆ ಮೇಲಿದ್ದಾರೆ ಅಂತ ಕಥೆ ತಿರುಗಿಸಿಬಿಡ್ತೀನಿ," ಎಂದೂ ಹೇಳಿದರು.

ಅಷ್ಟು ಹೊತ್ತಿಗೆ ಅಪ್ಪ ಮಾಸ್ತಿಯ ಅತ್ತೆಗೆ, ಮುಳಬಾಗಿಲಿನ ಚಿಕ್ಕಪ್ಪನಿಗೆ ಫೋನು ಮಾಡಿ ಮುಗಿಸಿದ್ದ. "ನಮ್ಮ ಹುಡುಗಿ ಮ್ಯಾನೇಜರ್ ಆದ್ಲು. ಟೀವಿನಾಗೂ ತೋರಿಸ್ತಾರೆ." ಪಾತ್ರ ಎಂಬ ಪದವನ್ನು ಅವನು ಬಳಸಲಿಲ್ಲ. ಈಗ ಆ ಮ್ಯಾನೇಜರ್ ರಜೆಯ ಮೇಲೆ ಹೋದರೆ ನಾನು ಅಪ್ಪನ ಮುಖ ನೋಡುವುದು ಹೇಗೆ?

ಒತ್ತೆಯಾಳುಗಳಾಗಿ ಊರಿನ ಹತ್ತು ಜನ ಹೆಂಗಸರನ್ನು ಒಪ್ಪಿಸಿದ್ದು ನಾನೇ. ಅಮ್ಮ, ಪಕ್ಕದ ಮನೆ ಅಜ್ಜಿ ಎಲ್ಲರೂ ಇದ್ದರು. ಭಾನುವಾರ ಬೆಳಿಗ್ಗೆ ಮೊದಲ ಶಾಟ್. ಕಳ್ಳರು ಬಾಗಿಲು ಒದ್ದು ಒಳಗೆ ನುಗ್ಗಿದರು. ಮುಖ್ಯ ಕಳ್ಳ ಬಂದೂಕು ಎತ್ತಿ, "ಯಾರೂ ಅಲ್ಲಾಡಬೇಡಿ!" ಎಂದು ಗರ್ಜಿಸಿದ.

ಅಮ್ಮ ಎದ್ದು ಜಾಗ ಬಿಟ್ಟು, "ಬನ್ನಿ ಬನ್ನಿ, ಕೂತ್ಕಳಿ," ಅಂದಳು.

"ಕಟ್!"

"ಅಮ್ಮಾ, ಅವರು ಕಳ್ಳರು," ನಿರ್ದೇಶಕರು ಕೈಮುಗಿದರು.

"ಗೊತ್ತಪ್ಪಾ. ಬಾಗಿಲಿಗೆ ಬಂದೋರನ್ನ ಕೂತ್ಕ ಅನ್ನಬಾರದಾ?"

ಎರಡನೆಯ ಸಲ ಎಲ್ಲರೂ ಸರಿಯಾಗಿ ಹೆದರಿದರು. ಕಳ್ಳ ಅಜ್ಜಿಯ ಹತ್ತಿರ ಹೋಗಿ ಬಂದೂಕು ಹಿಡಿದ. ಮುಸುಕಿನ ಮೇಲಿದ್ದ ಅವನ ಕಣ್ಣುಗಳನ್ನು ನೋಡಿ ಅಜ್ಜಿಗೆ ಏನನ್ನಿಸಿತೋ, "ಏಂ ನಾಯ್ನಾ, ತಿನ್ನಾವಾ?" ಎಂದು ತೆಲುಗಿನಲ್ಲಿ ವಿಚಾರಿಸಿದಳು.

"ಇಂಕಾ ಲೇದವ್ವಾ," ಇನ್ನೂ ತಿಂದಿಲ್ಲ ಎಂದು ಕಳ್ಳನೂ ಅಷ್ಟೇ ಸಲೀಸಾಗಿ ಹೇಳಿಬಿಟ್ಟ. ಅವನು ಶ್ರೀನಿವಾಸಪುರದ ಕಡೆಯವನಂತೆ, ನಾಟಕದಲ್ಲಿ ಪಾತ್ರ ಮಾಡಿ ಟೀವಿಗೆ ಬಂದವನು. ಮುಸುಕು ತೆಗೆಸಿ ಅಜ್ಜಿ ಅವನಿಗೆ ಎರಡು ಬಾಳೆಹಣ್ಣು ತಿನ್ನಿಸುವವರೆಗೂ ಚಿತ್ರೀಕರಣ ನಿಂತಿತು.

ಹೀಗೆ ಒಂದೊಂದಾಗಿ ಹೊತ್ತು ಜಾರಿತು. ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಅಪ್ಪ ಕಿಟಕಿಯ ಹೊರಗೆ ನಿಂತೇ ಇದ್ದ. ಯಾರೂ ನೋಡದಾಗ ನಾನು ಒಂದು ಸುತ್ತು ಗಿರ್ರೆಂದು ತಿರುಗಿದೆ. ಅಪ್ಪ ಕಿಟಕಿ ಸರಳು ಹಿಡಿದುಕೊಂಡು ನಕ್ಕ.

ಐದು ಗಂಟೆಗೆ ಒತ್ತೆಯಾಳುಗಳು ಗೋಡೆಗೆ ಒರಗಿ, ಸೋತು ಸುಣ್ಣವಾಗಿ ಕೂತಿರುವ ದೃಶ್ಯ. ತುಂಬಾ ಚೆನ್ನಾಗಿ ಬರುತ್ತಿತ್ತು. ಎರಡು ಬೀದಿ ಆಚೆಯಿಂದ ನಮ್ಮ ಸೀಮೆಹಸು 'ಅಂಬಾ' ಅಂದಿತು. ಅಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು. ಅವಳ ಹಿಂದೆ ಒಂಬತ್ತು ಜನರೂ ಎದ್ದರು.

"ಏಯ್, ಕೂತ್ಕೊಳ್ಳಿ! ಗುಂಡು ಹಾರಿಸ್ತೀನಿ!" ಕಳ್ಳ ಪಾತ್ರದೊಳಗೇ ಇದ್ದ.

"ಆಮ್ಯಾಕೆ ಹಾರಿಸೀವಂತೆ ಬಿಡಪ್ಪಾ. ಹಾಲು ಕರೆಯೋ ಹೊತ್ತಾಯ್ತು," ಎಂದು ಅಮ್ಮ ಅವನ ಬಂದೂಕನ್ನು ಪಕ್ಕಕ್ಕೆ ಸರಿಸಿ ನಡೆದೇಬಿಟ್ಟಳು.

ನಮ್ಮ ಕಡೆ ಹಾಲಿನ ಡೈರಿ ಸಂಜೆ ಐದೂವರೆಗೆ ತೆರೆಯುತ್ತದೆ, ಆರೂ ಕಾಲಿಗೆ ಮುಚ್ಚುತ್ತದೆ. ಮದುವೆ ಇರಲಿ, ಸಾವಿರಲಿ, ಚುನಾವಣೆ ಇರಲಿ, ಆ ಹೊತ್ತಿಗೆ ಊರು ಅಲ್ಲಿರುತ್ತದೆ. ಇದನ್ನು ನಿರ್ದೇಶಕರಿಗೆ ಮೊದಲೇ ಹೇಳಬೇಕಾಗಿತ್ತು. ಸೂರ್ಯ ಮುಳುಗುತ್ತಾನೆ ಎಂದು ಯಾರಾದರೂ ಮೊದಲೇ ಹೇಳುತ್ತಾರೆಯೇ? ನಾನೂ ಹೇಳಿರಲಿಲ್ಲ.

ಒಂದು ನಿಮಿಷದಲ್ಲಿ ಬ್ಯಾಂಕಿನೊಳಗೆ ಉಳಿದವರು ನಾಲ್ವರು ಕಳ್ಳರು ಮತ್ತು ನಾನು. ನಿರ್ದೇಶಕರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಅವರ ಬಾಯಿಂದ 'ರಜೆ' ಎಂಬ ಪದ ಬರುವ ಮೊದಲು ನಾನು ಕುರ್ಚಿ ಬಿಟ್ಟು ಓಡಿದೆ. ದಾರಿಯಲ್ಲಿ ಅಮ್ಮನನ್ನು ಹಿಡಿದೆ.

"ಅಮ್ಮಾ, ನನ್ನ ಮಾತು ಹೋಗ್ತೈತೆ!"

"ಒಂದು ಹೊತ್ತು ಕರೀದಿದ್ರೆ ಹಸೂಗೆ ಕೆಚ್ಚಲು ಬಾವು ಬರ್ತೈತೆ. ನಿನ್ನ ಮಾತಿಗೆ ಏನು ಬಾವು ಬರ್ತೈತಾ? ಬೇಗ ಆಗ್ಬೇಕು ಅಂದ್ರೆ ಕೈಗೆ ನಾಲ್ಕು ಆಳು ಕೊಡು, ಬರ್ತೀವಿ."

ಇದು ಒತ್ತೆಯಾಳುಗಳು ಇಟ್ಟ ಬೇಡಿಕೆ. ಓಡಿಹೋಗಿ ತಿಳಿಸಿದೆ, ನಿರ್ದೇಶಕರು ತಕ್ಷಣ ಒಪ್ಪಿದರು. ಆ ಸಂಜೆ ಕರಿ ಬಟ್ಟೆಯ ನಾಲ್ವರು ಕಳ್ಳರು, ಮುಸುಕು ಹಣೆಗೇರಿಸಿಕೊಂಡು, ಬಂದೂಕು ಬೆನ್ನಿಗೆ ನೇತುಹಾಕಿಕೊಂಡು, ಎರಡೂ ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ನಮ್ಮೂರಿನ ಬೀದಿಯಲ್ಲಿ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಾಯಿಗಳು ಕೂಡ ಬೊಗಳದೆ ನೋಡುತ್ತಾ ನಿಂತವು. ಡೈರಿಯಲ್ಲಿ ಮುಖ್ಯ ಕಳ್ಳ ಸಾಲು ಬಿಟ್ಟು ಮುಂದೆ ಹೋಗಲು ನೋಡಿದ. ಹಾಲು ಅಳೆಯುವ ಸೆಕ್ರೆಟರಿ ತಲೆ ಎತ್ತಲೇ ಇಲ್ಲ.

"ಬಂದೂಕು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಹಿಂದಕ್ಕೆ ಹೋಗಿ ನಿಂತ್ಕಳಿ ಸಾರ್."

ಕಳ್ಳ ಹಿಂದಕ್ಕೆ ಹೋಗಿ ನಿಂತುಕೊಂಡ.

ಆರೂಮುಕ್ಕಾಲಿಗೆ ಹತ್ತು ಜನರೂ ತಪ್ಪದೆ ವಾಪಸು ಬಂದರು. ನನಗೆ ಹೋದ ಜೀವ ಬಂದಂತಾಯಿತು. ನಿರ್ದೇಶಕರಿಗೆ ಇದ್ದ ಜೀವ ಹೋಯಿತು. ದೀಪ ಹಚ್ಚುವ ಹೊತ್ತಲ್ಲವೇ? ಎಲ್ಲರೂ ಮುಖ ತೊಳೆದು, ಸೀರೆ ಬದಲಾಯಿಸಿ, ಕುಂಕುಮ ಇಟ್ಟು, ತಲೆತುಂಬ ಕನಕಾಂಬರ ಮುಡಿದು ಬಂದಿದ್ದರು. ಇಡೀ ದಿನ ಅನ್ನ ನೀರಿಲ್ಲದೆ ಕಳ್ಳರ ಕೈಯಲ್ಲಿ ನರಳಿದ ಒತ್ತೆಯಾಳುಗಳು ಈಗ ಸೀಮಂತಕ್ಕೆ ಹೊರಟಂತೆ ಕಾಣುತ್ತಿದ್ದರು.

"ಸೀರೆ ಯಾಕಮ್ಮಾ ಬದಲಾಯಿಸಿದ್ರಿ?"

"ಸಗಣಿ ಸೀರೆನಾಗೆ ಟೀವಿಗೆ ಬರೋಕೆ ಆಗ್ತೈತಾ? ನಿಮಗೂ ಮರ್ಯಾದೆ ಬೇಡ್ವಾ?" ಅಜ್ಜಿ ಕೇಳಿದಳು.

ನಿರ್ದೇಶಕರು ಹಣೆ ಚಚ್ಚಿಕೊಂಡರು. ಆಮೇಲೆ, "'ಮರುದಿನ ಬೆಳಿಗ್ಗೆ' ಅಂತ ಅಕ್ಷರ ಹಾಕಿಬಿಡೋಣ. ಒಂದೇ ಟೇಕ್. ಮೇಡಂ, ರೆಡಿನಾ?" ಅಂದರು. ಹೊರಗೆ ಜನರೇಟರಿನವನು ಆಗಲೇ ಬೇಡದ ವೈರು ಸುತ್ತಿಡುತ್ತಿದ್ದ. ಅಪ್ಪ ಕಿಟಕಿಯಲ್ಲಿ ಬೆಳಗಿನಿಂದ ಇದ್ದ ಜಾಗದಲ್ಲೇ ಇದ್ದ.

ದೀಪ ಉರಿಯಿತು. ಕಳ್ಳ ಗಾಜಿನ ಕೋಣೆಗೆ ನುಗ್ಗಿದ. ಹಾಲಿನ ಕ್ಯಾನು ಹೊತ್ತ ಸಿಟ್ಟೂ ಸೇರಿತ್ತೋ ಏನೋ, ಅದ್ಭುತವಾಗಿ ನುಗ್ಗಿದ. ಬಂದೂಕು ನನ್ನ ಹಣೆಗೆ ಹಿಡಿದು, ಬೂಟುಗಾಲನ್ನು ಧಡಾರನೆ ಮೇಜಿನ ಮೇಲೆ, ನನ್ನ ನೋಟ್ಸಿನ ಮೇಲೆ ಇಟ್ಟು, "ಬೀಗದ ಕೈ ಎಲ್ಲಿ?" ಎಂದು ಕಿರುಚಿದ.

"ಏನ್ಲಾ!"

ಅದು ಅಮ್ಮನ ದನಿ. ಗಾಜಿನಾಚೆ ಒತ್ತೆಯಾಳುಗಳ ಸಾಲಿನಿಂದ ಎದ್ದು ನಿಂತಿದ್ದಳು.

"ಪುಸ್ತಕದ ಮ್ಯಾಲೆ ಕಾಲಿಡ್ತೀಯಾ? ಸರಸ್ವತಿ ಕಣೋ ಅದು! ನನ್ನ ಮಗಳು ಮೂರು ವರ್ಷ ನಿದ್ದೆಗೆಟ್ಟು ಬರ್ದಿದ್ದು! ತೆಗಿಯೋ ಕಾಲು!"

ಕಳ್ಳ ಬೆಂಕಿ ಮುಟ್ಟಿದವನಂತೆ ಕಾಲು ತೆಗೆದ. ಪಾತ್ರ, ಬಂದೂಕು, ಕ್ಯಾಮರಾ ಎಲ್ಲ ಮರೆತ. ಬಲಗೈಯಿಂದ ನನ್ನ ನೋಟ್ಸ್ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡ. ಒಂದು ಸಲ ಸಾಲದೆಂದು ಇನ್ನೊಂದು ಸಲ ಒತ್ತಿಕೊಂಡ. ಚಿಕ್ಕಂದಿನಲ್ಲಿ ಅವನ ತಾಯಿ ಕಲಿಸಿದ್ದು ಇರಬೇಕು. ನಮಗೆಲ್ಲರಿಗೂ ಕಲಿಸಿದ್ದು ಅದನ್ನೇ.

ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ಯಾರೂ ಇನ್ನೂ ಕಟ್ ಅಂದಿರಲಿಲ್ಲ, ಕ್ಯಾಮರಾದ ಕೆಂಪು ದೀಪ ಉರಿಯುತ್ತಲೇ ಇತ್ತು. ಆರು ಸಲ ನಪಾಸಾದವಳಿಗೆ ಒಂದು ವಿದ್ಯೆ ಬಂದಿರುತ್ತದೆ. ಗಂಟೆ ಹೊಡೆಯುವವರೆಗೆ ಬರೆಯುವುದನ್ನು ನಿಲ್ಲಿಸಬಾರದು. ಕಣ್ಣಿಗೆ ಕೈ ಒತ್ತಿಕೊಂಡು ನಿಂತ ಕಳ್ಳನನ್ನು ನೇರವಾಗಿ ನೋಡುತ್ತಾ, ಕುರ್ಚಿಯಿಂದ ಏಳದೆ ಹೇಳಿಬಿಟ್ಟೆ.

"ನನ್ನ ಪ್ರಾಣ ಹೋದರೂ ಬೀಗದ ಕೈ ಕೊಡುವುದಿಲ್ಲ."

ಜನರೇಟರ್ ನಿಂತಿತು.

ಕಂತು ಪ್ರಸಾರವಾದ ಭಾನುವಾರ ಮಧ್ಯಾಹ್ನ ಮಾಸ್ತಿಯ ಅತ್ತೆ, ಮುಳಬಾಗಿಲಿನ ಚಿಕ್ಕಪ್ಪ, ಅರ್ಧ ಊರು ನಮ್ಮ ಮನೆಯಲ್ಲಿತ್ತು. 'ಮರುದಿನ ಬೆಳಿಗ್ಗೆ' ಎಂಬ ಅಕ್ಷರ ಬಂತು. ಕನಕಾಂಬರ ಮುಡಿದ ಒತ್ತೆಯಾಳುಗಳು ಬಂದರು. ಕಳ್ಳ ನುಗ್ಗಿದ, ಕಾಲಿಟ್ಟ, ಕಿರುಚಿದ. ಅಮ್ಮನ ಮಾತನ್ನು ಪೂರ್ತಿ ಕತ್ತರಿಸಿದ್ದರು. ಮೊದಲು ನಾನು ಪ್ರಾಣ ಹೋದರೂ ಕೊಡುವುದಿಲ್ಲ ಎಂದೆ. ಆಮೇಲೆ ಕಳ್ಳ ಕಾಲು ಇಳಿಸಿ, ತಲೆ ತಗ್ಗಿಸಿ, ಎರಡು ಸಲ ಕಣ್ಣು ಒರೆಸಿಕೊಂಡ. ಹಿಂದೆ ಪಿಟೀಲು ನುಡಿಯಿತು.

ಚಿಕ್ಕಪ್ಪ ಮೂಗು ಎಳೆದುಕೊಂಡು, "ಓದಿದೋರ ಮಾತು ಅಂದ್ರೆ ಹಂಗೆ. ಕಳ್ಳನ್ನೂ ಅಳಿಸಿಬಿಟ್ಲಲ್ಲೋ," ಅಂದ. ಅಪ್ಪ ನನ್ನ ಫೋನು ತೆಗೆದುಕೊಂಡು, ನಾನು ಟೀವಿಯಿಂದ ಅದರಲ್ಲಿ ಹಿಡಿದಿಟ್ಟಿದ್ದ ಆ ತುಣುಕನ್ನು ಮತ್ತೆ ಹಾಕಿಸಿಕೊಂಡ. ಮತ್ತೆ ಹಾಕಿಸಿಕೊಂಡ. ಅವನು ನೋಡುತ್ತಿದ್ದದ್ದು ಕಳ್ಳನನ್ನಲ್ಲ, ಕುರ್ಚಿಯನ್ನು.

ಅಮ್ಮ ಮಾತ್ರ ಒಂದು ವಾರ ಟೀವಿ ಹಾಕಲು ಬಿಡಲಿಲ್ಲ. "ಅಳಿಸಿದ್ದು ನಾನು, ಹೆಸರು ಇವಳದ್ದು," ಎಂದು ಡೈರಿಯಲ್ಲಿ ಸಾಲಿನಲ್ಲಿ ನಿಂತು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಯಾರೂ ನಂಬಲಿಲ್ಲ. ಟೀವಿಯಲ್ಲಿ ಎಲ್ಲರೂ ಕಣ್ಣಾರೆ ನೋಡಿದ್ದರು.

ಎರಡನೆಯ ವರ್ಷದ ನೋಟ್ಸಿನ ರಟ್ಟಿನ ಮೇಲೆ ಬೂಟಿನ ಗುರುತು ಹಾಗೇ ಉಳಿದಿದೆ. ಒರೆಸಿದರೂ ಹೋಗಲಿಲ್ಲ. ಈ ಸಲದ ಆಯುಧಪೂಜೆಗೆ ಅಮ್ಮ ಅದನ್ನು ಮುಚ್ಚುವಷ್ಟು ದೊಡ್ಡದಾಗಿ ಕುಂಕುಮ ಇಟ್ಟಳು.