ಚಿಪ್ಪರಿಗೆ ಹೋದ

ಮುಕಾದಮ ನಾಗಪ್ಪನ ಬಾಯಲ್ಲಿ ಸದಾ ಎರಡು ಇರುತ್ತಿದ್ದವು: ತಂಬಾಕು, ಮತ್ತು ಹೊಸಬರಿಗೆ ತಿಳಿಯದ ಮಾತು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಗುತ್ತಿಗೆದಾರನ ಗ್ಯಾಂಗಿಗೆ ಅವನೇ ದೊರೆ. ಧಾರವಾಡ, ಹಳಿಯಾಳದ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಾವೆಲ್ಲ ಅವನ ಕೈಕೆಳಗೆ. ಹೊಸಬ ಬಂದರೆ ಅವನು 'ಹಸಿ ಬಿದಿರು'. ರಾಶಿಯ ಹಿಂದೆ ಮಲಗಿ ಗೊರಕೆ ಹೊಡೆಯುವುದಕ್ಕೆ ಇಟ್ಟ ಹೆಸರು 'ಪೂಜಿ'. ದಿನಾ ಮಧ್ಯಾಹ್ನ ಅವನ ಆ ಪೂಜೆ ಮಾತ್ರ ತಪ್ಪುತ್ತಿರಲಿಲ್ಲ. ಕೆಲಸದಿಂದ ತೆಗೆದವನು 'ಚಿಪ್ಪರಿಗೆ ಹೋದ'. ಚಿಪ್ಪರ್ ಎಂದರೆ ಬಿದಿರು ನುಂಗಿ ಚೂರುಚೂರು ಮಾಡಿ ಉಗುಳುವ ಯಂತ್ರ.

"ಅರ್ಥ ಕೇಳಾಂವ ಮಂಗ್ಯಾ, ಹೇಳಾಂವ ದೊಡ್ಡ ಮಂಗ್ಯಾ," ಎನ್ನುತ್ತಿದ್ದ. ಅವನು ಒಂದು ಬಿದಿರು ಎತ್ತಿದ್ದನ್ನು ನಾನು ಕಂಡಿಲ್ಲ. ಮೈಗಳ್ಳನಿಗೆ ಮಾತೇ ಬಂಡವಾಳ.

ನಮ್ಮ ಜೊತೆಗೆ ಹೊಸದಾಗಿ ಸೇರಿದ್ದ ಬಸಪ್ಪ ಎದುರು ಮಾತಾಡಿದನೆಂದು ನಾಗಪ್ಪ ಅವನನ್ನು ಕೆಲಸದಿಂದ ಬಿಡಿಸಿದ. ಅವನು ಕಟ್ಟಿಗೆ ಕೆಲಸ ಹುಡುಕಿಕೊಂಡು ಜೊಯಿಡಾಕ್ಕೆ ಹೋದ. ಮರುದಿನವೇ ಹಳಿಯಾಳದ ಕಡೆಯ ಹಳ್ಳಿಯಿಂದ ಅವನ ತಾಯಿ ರೊಟ್ಟಿಯ ಗಂಟು ಹಿಡಿದು ಬಂದಳು.

"ನಮ್ಮ ಬಸಪ್ಪ ಎಲ್ಲಿ ಅದಾನ್ರೀ ಯಪ್ಪಾ?"

ನಾಗಪ್ಪ ತಲೆ ಎತ್ತಲಿಲ್ಲ. "ಚಿಪ್ಪರಿಗೆ ಹೋದ."

"ಅದು ಯಾವ ಊರ್ರೀ?"

ಅವನು ಯಂತ್ರದ ಕಡೆ ಬೆರಳು ತೋರಿಸಿ ಪಿಚಕ್ಕನೆ ಉಗುಳಿದ.

ಬಿದಿರು ಒಳಗೆ ಹೋಗಿ ಚೂರಾಗುವುದನ್ನು ಆಕೆ ನೋಡಿದಳು. "ಅಯ್ಯೋ ನನ ಮಗನ!" ಎಂದು ಅಲ್ಲೇ ಕುಸಿದಳು. ನಾನು ಓಡಿಹೋಗಿ ಹಿಡಿದುಕೊಂಡೆ. "ಯವ್ವಾ, ಜೀವಂತ ಅದಾನ, ಬರೇ ಕೆಲಸ ಹೋಗೇತಿ," ಎಂದು ಮತ್ತೆ ಮತ್ತೆ ಹೇಳಿದೆ. ಆ ಪುಣ್ಯಾತ್ಮ ಮಾತ್ರ, "ಹಸಿ ಬಿದಿರಿನ ತಾಯಿನೂ ಹಸೀನ," ಎಂದು ಹೊಟ್ಟೆ ಹಿಡಿದು ನಗುತ್ತಿದ್ದ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಕೆ ಕಣ್ಣೊರೆಸಿಕೊಂಡು ಎದ್ದಳು. "ಕೆಲಸಾ ಹೋತು ಅನ್ನಾಕ ನಿನ್ನ ನಾಲಿಗಿ ಸೇದಿ ಹೋಗಿತ್ತೇನೋ ಬಾಡ್ಯಾ?"

ಅವನು ಎದ್ದು ರಾಶಿಯ ಹಿಂದೆ 'ಪೂಜಿ'ಗೆ ಹೋದ.

ಕೊನೆಯ ಸಲ ನಾಗಪ್ಪನನ್ನು ಕಂಡದ್ದು, ಎಷ್ಟೋ ವರ್ಷಗಳ ಮೇಲೆ, ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ. ಅಷ್ಟರಲ್ಲಿ ಗುತ್ತಿಗೆದಾರ ಅವನನ್ನೂ ಕೆಲಸದಿಂದ ಬಿಡಿಸಿದ್ದ; ಹಲ್ಲುಗಳೂ ಉದುರಿದ್ದವು. ನನ್ನ ಕೈ ಹಿಡಿದುಕೊಂಡು, "ನನ್ನ ಮಾತು ಇನ್ನೂ ಆಡ್ತಾರೇನೋ ಅಲ್ಲಿ?" ಎಂದು ಆಸೆಯಿಂದ ಕೇಳಿದ.

ಇಡೀ ಗ್ಯಾಂಗು ಆ ಮಾತುಗಳನ್ನೇ ಆಡುತ್ತಿತ್ತು. ಹಾಳಾದ್ದು, ನನ್ನ ಬಾಯಿಗೂ ಅವೇ ಬರುತ್ತಿದ್ದವು.

"ಇಲ್ರಿ ಮುಕಾದಮ್ರ, ಒಂದೂ ಯಾರಿಗೂ ನೆನಪಿಲ್ರಿ," ಎಂದು ಹೇಳಿ ಬಸ್ಸು ಹತ್ತಿದೆ.