ಶೇವಂತೆವ್ವನ ಹೆಪ್ಪು

ಸಿಂದಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ಮಧ್ಯಾಹ್ನದ ಊಟಕ್ಕೆ ಶೇವಂತೆವ್ವನ ಖಾನಾವಳಿ ಬಿಟ್ಟು ಬೇರೆ ಕಡೆ ಹೋದವನಲ್ಲ. ರೊಟ್ಟಿ ಎಲ್ಲ ಕಡೆ ಸಿಗುತ್ತದೆ, ಆ ಮೊಸರು ಸಿಗುವುದಿಲ್ಲ. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಅದರ ಹೆಪ್ಪು ಆಕೆಯ ಅತ್ತೆಯದು. "ಇದನ್ನ ಕೆಡಗೊಡಬ್ಯಾಡ" ಎಂದು ಹೇಳಿಯೇ ಅತ್ತೆ ಕಣ್ಣು ಮುಚ್ಚಿದ್ದಳಂತೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎನ್ನುವುದು ನಮ್ಮ ಕಡೆ ಎಲ್ಲರ ಮನೆಯ ಮಾತು. ಶೇವಂತೆವ್ವನಿಗೆ ಮಾತ್ರ ಹಗಲೂ ಸಂಜೆಯೇ. ಯಾರಿಗೂ ಕೊಡುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಆಕೆ ಮದುವೆಗೆಂದು ಮುದ್ದೇಬಿಹಾಳಕ್ಕೆ ಹೋದಾಗ ಗಂಡ ಸಿದ್ಧರಾಮ ಧರ್ಮ ಮಾಡಿಬಿಟ್ಟ. ಕನ್ನೊಳ್ಳಿಯಿಂದ ಬಿಸಿಲಲ್ಲಿ ಬೀಗರು ಬಂದಿದ್ದರು. ತೆಗೆದಿಟ್ಟಿದ್ದ ಹೆಪ್ಪನ್ನೇ ಕಡೆದು ಮಜ್ಜಿಗೆ ಮಾಡಿ ಕುಡಿಸಿದ, ಗಡಿಗೆಯನ್ನು ತಿಕ್ಕಿಯೂ ಇಟ್ಟ. ಹೆಂಡತಿ ಬಂದು ಹೊಗಳುತ್ತಾಳೆಂದು ಕಾದಿದ್ದ, ಪುಣ್ಯಾತ್ಮ.

ಅಂಗಡಿಯ ಮೊಸರು ತಂದು ಹೆಪ್ಪು ಹಾಕಿದರೆ ಲೋಳೆಲೋಳೆ. ಗಿರಾಕಿಗಳು ಮುಖ ಸಿಂಡರಿಸಿದರು. ಶೇವಂತೆವ್ವ ಗಂಡನ ಜೊತೆ ಮಾತು ಬಿಟ್ಟಳು.

"ಅತ್ತಿ ಒಂದ ಮಾತು ಹೇಳಿ ಹ್ವಾದ್ಲು ಸರ. ಅದನ್ನೂ ಉಳಿಸಿಕೊಳ್ಳಾಕ ಆಗಲಿಲ್ಲ ನನಗ," ಎಂದು ಒಲೆಯ ಮುಂದೆ ಕೂತು ಅತ್ತಳು.

"ಯಾರಿಗೂ ಒಮ್ಮಿನೂ ಕೊಟ್ಟಿಲ್ಲೇನ್ರಿ ಅಕ್ಕಾ?"

ತಡವರಿಸಿದಳು. ಒಮ್ಮೆ ಹೆಪ್ಪು ಕೊಟ್ಟಿದ್ದಳು. ಬಾಜೂ ಮನೆಯ ಜೈತುನಬಿಯ ಸೊಸೆ ಬಸುರಿಯಾಗಿದ್ದಾಗ ಇದೇ ಮೊಸರು ಬಯಸಿದ್ದಳು. ಆಮೇಲೆ ಆ ಮನೆಯವರು ಇಂಡಿಗೆ ಹೋಗಿ ನೆಲೆಸಿದ್ದರು.

ಭಾನುವಾರ ನಾವಿಬ್ಬರೂ ಇಂಡಿಯ ಬಸ್ಸು ಹತ್ತಿದೆವು. ಮಡಿಲಲ್ಲಿ ಖಾಲಿ ಗಡಿಗೆ ಇಟ್ಟುಕೊಂಡ ಶೇವಂತೆವ್ವನಿಗೆ ಅರ್ಧ ದಾರಿಯಲ್ಲಿ ಸಂಶಯ ಹುಟ್ಟಿತು. "ಈಗ ಅದು ಆಕಿದ ಆಗಿರತೈತಿ ಸರ. ಬ್ಯಾರೆ ಹಾಲು, ಬ್ಯಾರೆ ಕೈ. ಅತ್ತೀದು ಎಲ್ಲಿ ಉಳದಿರತೈತಿ?"

ನನ್ನ ಬ್ಯಾಗಿನ ಚೈನು ಎಳೆದು ತೋರಿಸಿದೆ. "ಹೆಪ್ಪಿನಾಗ ಕಣ್ಣಿಗೆ ಕಾಣದ ಸಣ್ಣ ಜೀವ ಅದಾವು. ಒಂದೊಂದರೊಳಗೂ ಹಿಂಗ ಎರಡೆಳಿ ದಾರ ಐತಿ, ಡಿಎನ್‌ಎ ಅಂತಾರ. ಆ ಜೀವದ ಗುಣಾ ಎಲ್ಲಾ ಅದರಾಗ. ಜೀವ ಒಡದು ಎರಡಾಗೂಕಿಂತ ಮೊದಲ ಈ ಚೈನು ಬಿಚ್ಚಿಕೊಳ್ತೈತಿ. ಆ ದಾರದ ಹಲ್ಲು ನಾಕ ನಮೂನಿ, ಯಾವ ಹಲ್ಲಿಗೆ ಯಾವ ಜೋಡಿ ಅನ್ನೋದು ಖಾಯಂ. ಹಿಂಗಾಗಿ ಒಂದೊಂದು ಪಟ್ಟಿ ಎದುರಿಗೂ ಸರಿಹೊಂದೋ ಹೊಸಾ ಪಟ್ಟಿ ಕಟ್ಟತೈತಿ. ಎರಡು ಚೈನು ಆದ್ವಿಲ್ಲೋ? ಆಮ್ಯಾಲ ಜೀವ ಒಡದು, ಒಂದೊಂದಕ್ಕ ಒಂದೊಂದು ಚೈನು ಹೋಗತೈತಿ."

"ಕಟ್ಟೂದರಾಗ ತಪ್ಪಂಗಿಲ್ಲೇನು?"

"ಅಪರೂಪಕ್ಕ ತಪ್ಪತೈತಿ. ತಪ್ಪು ತಿದ್ದೋ ಕೆಲಸಾನೂ ಅಲ್ಲೇ ನಡದಿರತೈತಿ."

"ಹಂಗಾದ್ರ ಅಸಲು ಯಾವುದು, ನಕಲು ಯಾವುದು?"

"ಎರಡರಾಗೂ ಒಂದು ಹಳೇ ಎಳಿ, ಒಂದು ಹೊಸಾ ಎಳಿ. ಅಸಲು, ನಕಲು ಅನ್ನೂ ಹಂಗಿಲ್ಲ."

ಉಳಿದ ದಾರಿಯುದ್ದಕ್ಕೂ ಆಕೆ ನನ್ನ ಚೈನನ್ನು ಎಳೆಯುತ್ತ, ಬಿಡುತ್ತ ಕೂತಳು. ಇಂಡಿ ಬರುವಷ್ಟರಲ್ಲಿ ಚೈನು ಕೆಟ್ಟಿತ್ತು.

ಬಸ್ಸು ನಡುದಾರಿಯಲ್ಲಿ ಪಂಕ್ಚರಾಗಿ, ಜೈತುನಬಿಯ ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಬಂದ ಕಾರಣ ಕೇಳಿ ಆಕೆ ನಕ್ಕಳು. "ಐತ್ರಿ ಅಕ್ಕಾ, ಒಂದ ದಿನಾ ತಪ್ಪಿಸಿಲ್ಲ. ಹಾಲು ನಂದು, ಹೆಪ್ಪು ನಿಮ್ದ."

ಆದರೆ ಹೆಪ್ಪಿನ ಬಟ್ಟಲಿಗೆ ಕೈ ಹಾಕಲಿಲ್ಲ. ದೀಪ ಹಚ್ಚಿದ ಮೇಲೆ ಈಕೆಯೂ ಕೊಡುವವಳಲ್ಲ, ಶೇವಂತೆವ್ವನೂ ಇಸಿದುಕೊಳ್ಳುವವಳಲ್ಲ. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಕೊನೆಗೆ ಜೈತುನಬಿಯೇ ದಾರಿ ತೆಗೆದಳು.

"ನಿಮ್ಮ ಗಡಿಗಿ ತರ್ರಿ. ನಾ ಹಾಲು ಕಾಸಿ ಅದರಾಗ ಹೆಪ್ಪ ಹಾಕಿ ಇಡ್ತೇನಿ. ಮುಂಜಾನಿ ಮೊಸರು ಒಯ್ರಿ. ಈಗ ಉಂಡು ಇಲ್ಲೇ ಮಲಕೋರಿ."

ಬೆಳಗ್ಗೆ ಎದ್ದವಳೇ ಶೇವಂತೆವ್ವ ಗಡಿಗೆಯನ್ನು ಬೋರಲು ಹಿಡಿದಳು. ಒಂದು ಹನಿ ಬೀಳಲಿಲ್ಲ. ಬೆರಳಲ್ಲಿ ತೆಗೆದು ನೆಕ್ಕಿ, "ಅತ್ತೀದ" ಎಂದಳು. ಜೈತುನಬಿಯ ಕೈ ಹಿಡಿದುಕೊಂಡು ಅತ್ತಳು, ನಕ್ಕಳು. ನನ್ನ ಎದೆಯ ಭಾರವೂ ಇಳಿಯಿತು. ಊಟದ ಚಿಂತೆ ನನಗೂ ಇತ್ತಲ್ಲ.

ಈಗ ನಮ್ಮ ಓಣಿಯಲ್ಲಿ ಆ ಹೆಪ್ಪು ಇಲ್ಲದ ಮನೆಯಿಲ್ಲ. ಹಾಡಹಗಲು ತಾನೇ ಕರೆಕರೆದು ಕೊಟ್ಟಿದ್ದಾಳೆ. ಹಾಲು ಕಾಸಲೂ ಬಾರದ ನನಗೂ ಒಂದು ಬಟ್ಟಲು ಬಂತು.

"ಇಟ್ಕೋರಿ ಸರ," ಎಂದಳು, ತಲೆ ತಗ್ಗಿಸಿ ನಿಂತಿದ್ದ ಸಿದ್ಧರಾಮನ ಕಡೆ ನೋಡುತ್ತ. "ನಮ್ಮ ಮನಿಗೆ ಮತ್ತ ಬೀಗರು ಬರತಾರ."